ಆಲ್ಫ್ರೆಡ್ ವರ್ನರ್: ಸಾವಯವದಿಂದ ನಿರವಯವಕ್ಕೆ

ರಸಾಯನಶಾಸ್ತ್ರವನ್ನು ಸಾವಯವ, ನಿರವಯವ ಎಂದು ವಿಭಾಗಿಸಿ ಬೋಧಿಸುವುದು ರೂಢಿಯಾಗಿದೆ. ಬೋಧನೆಯ ಅನುಕೂಲಕ್ಕಾಗಿ ಎಳೆದ ಈ ಗೆರೆಯನ್ನು ವಿದ್ಯಾರ್ಥಿಗಳು ಪ್ರಕೃತಿಯೇ ಎಳೆದುದೆಂದು ಭಾವಿಸುವುದುಂಟು. ಅಧ್ಯಾಪಕರಾದ ನಾವೂ ಆ ಭ್ರಮೆಗೆ ಹೊರತಲ್ಲ. ಆ ಗೆರೆಯನ್ನು ದಾಟಿದ ಒಬ್ಬ ಸಂಶೋಧಕರ ಜೀವನವನ್ನು ಇಲ್ಲಿ ಪರಿಶೀಲಿಸಬಹುದು.

ಆಲ್ಫ್ರೆಡ್ ವರ್ನರ್ 1866ರಲ್ಲಿ ಆಲ್ಸೇಸ್ ಪ್ರಾಂತದ ಮ್ಯೂಲೂಸ್ ನಗರದಲ್ಲಿ ಜನಿಸಿದರು. ಜ್ಯೂರಿಕ್‌ನಲ್ಲಿ ಹಾಂಟ್ಷ್ ಅವರ ಶಿಷ್ಯರಾಗಿ 1890ರಲ್ಲಿ ಅವರು ಡಾಕ್ಟರೇಟ್ ಪಡೆದದ್ದು ಸಾವಯವ ವಿಭಾಗದಲ್ಲಿ. ಇಂಗಾಲದ ನಾಲ್ಕು ಬಂಧಗಳು ಚತುರ್ಮುಖಿಯ ನಾಲ್ಕು ಮೂಲೆಗಳತ್ತ ಚಾಚಿರುತ್ತವೆಂಬ ವಿಚಾರವನ್ನು ವಾಂಟ್ ಹಾಫ್ ಮತ್ತು ಲೆ ಬೆಲ್ 1874ರಲ್ಲಿ ಮಂಡಿಸಿದ್ದರು. ಈ ಗುರುಶಿಷ್ಯರು ಅದನ್ನು ನೈಟ್ರೊಜನ್ನಿಗೂ ವಿಸ್ತರಿಸಿದರು. ಅಣುವನ್ನು ಕಾಗದದ ಮೇಲಿನ ಸೂತ್ರವಾಗಿ ಕಾಣದೆ, ಉದ್ದ ಅಗಲ ಎತ್ತರಗಳುಳ್ಳ ವಸ್ತುವಾಗಿ ಕಾಣುವ ಅಭ್ಯಾಸ ವರ್ನರ್ ಅವರಿಗೆ ಇಲ್ಲಿ ಬಂದಿತು.

ಆಗ ನಿರವಯವ ವಿಭಾಗದಲ್ಲಿ ಒಂದು ಒಗಟು ಬಿಡಿಸದೆ ಉಳಿದಿತ್ತು. ಕೋಬಾಲ್ಟಿನ ಕ್ಲೋರೈಡು ಅಮೋನಿಯದೊಡನೆ ಕೂಡಿ ಬಗೆಬಗೆಯ ಬಣ್ಣದ ಲವಣಗಳನ್ನು ಕೊಡುತ್ತದೆ. ಒಂದು ಕೋಬಾಲ್ಟಿಗೆ ಮೂರು ಕ್ಲೋರೀನ್. ಅಮೋನಿಯ ಆರಾದರೆ ಹಳದಿ, ಐದಾದರೆ ನೇರಳೆಗೆಂಪು, ನಾಲ್ಕಾದರೆ ಹಸಿರು. ಇವುಗಳ ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ಬೆರೆಸಿದರೆ ಮೊದಲನೆಯದರಲ್ಲಿ ಮೂರು ಕ್ಲೋರೀನೂ ಬಿಳಿಯ ಪ್ರಕ್ಷೇಪವಾಗಿ ಇಳಿಯುತ್ತವೆ. ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಒಂದೇ. ಉಳಿದ ಕ್ಲೋರೀನ್ ಎಲ್ಲಿ ಅಡಗಿತು? ಸ್ವೀಡನ್ನಿನ ಬ್ಲೊಮ್‌ಸ್ಟ್ರಾಂಡ್ ಅವರ ಊಹೆಯನ್ನು ಬೆಳೆಸಿ, ಅಮೋನಿಯದ ಅಣುಗಳು ಇಂಗಾಲದಂತೆಯೇ ಸರಪಳಿ ಕಟ್ಟುತ್ತವೆ ಎಂದು ಕೋಪನ್‌ಹೇಗನ್ನಿನ ಯೋರ್ಗೆನ್ಸೆನ್ ವಿವರಿಸುತ್ತಿದ್ದರು. ಈ ಲವಣಗಳ ವಿಷಯದಲ್ಲಿ ಅವರಿಗಿಂತ ಕುಶಲ ಪ್ರಯೋಗಕಾರರು ಯಾರೂ ಇರಲಿಲ್ಲ.

1893ರಲ್ಲಿ, ಇಪ್ಪತ್ತಾರರ ಹರೆಯದ ವರ್ನರ್ ಈ ಲವಣಗಳ ಮೇಲೆ ತಾವಾಗಿ ಪ್ರಯೋಗ ನಡೆಸದೆಯೇ ಉತ್ತರ ಕಂಡರು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಮರುದಿನ ಸಂಜೆ ಐದರವರೆಗೆ ಬರೆದರಂತೆ. ಕೋಬಾಲ್ಟಿನ ಸುತ್ತ ಆರು ನೆಲೆಗಳಿವೆ, ಅವು ಅಷ್ಟಮುಖಿಯ ಆರು ಮೂಲೆಗಳು. ಆ ನೆಲೆಯನ್ನು ಹಿಡಿದ ಕ್ಲೋರೀನ್ ಬೆಳ್ಳಿಗೆ ಸುಲಭವಾಗಿ ಸಿಕ್ಕದು, ಹೊರಗುಳಿದದ್ದು ಕೂಡಲೇ ಸಿಕ್ಕುತ್ತದೆ. ನನಗೆ ಸ್ವಾರಸ್ಯವೆನಿಸುವುದು ಇದು: ಇಬ್ಬರೂ ಸಾವಯವ ರಸಾಯನದಿಂದಲೇ ಕಡ ತಂದವರು. ಯೋರ್ಗೆನ್ಸೆನ್ ತಂದದ್ದು ಸರಪಳಿಯನ್ನು, ವರ್ನರ್ ತಂದದ್ದು ಆಕಾರವನ್ನು.

ಆದರೆ ಊಹೆ ಸಿದ್ಧಾಂತವಾಗಬೇಕಾದರೆ ಪ್ರಮಾಣ ಬೇಕು. ಅದೇ ವರ್ಷ ಜ್ಯೂರಿಕ್ ವಿಶ್ವವಿದ್ಯಾನಿಲಯ ಅವರನ್ನು ಕರೆದದ್ದು ಸಾವಯವ ಬೋಧಿಸಲು. ನಿರವಯವದ ಮುಖ್ಯ ಉಪನ್ಯಾಸಗಳು ಅವರ ಪಾಲಿಗೆ ಬಂದದ್ದು 1902ರಲ್ಲಿ. ಈ ನಡುವೆ ಯೋರ್ಗೆನ್ಸೆನ್ ಆಕ್ಷೇಪಣೆಗಳನ್ನು ಎತ್ತುತ್ತಲೇ ಇದ್ದರು. ಅಷ್ಟಮುಖಿಯ ಕಲ್ಪನೆ ನಿಜವಾದರೆ ನಾಲ್ಕು ಅಮೋನಿಯದ ಹಸಿರು ಲವಣಕ್ಕೆ ಅದೇ ಸೂತ್ರದ ಇನ್ನೊಂದು ಸಮಾಂಗಿ ಇರಲೇಬೇಕು, ಅದೆಲ್ಲಿ? ಹದಿನಾಲ್ಕು ವರ್ಷ ಆ ಪ್ರಶ್ನೆಗೆ ಉತ್ತರವಿರಲಿಲ್ಲ. 1907ರಲ್ಲಿ ವರ್ನರ್ ನೇರಳೆ ಬಣ್ಣದ ಆ ಲವಣವನ್ನು ತಯಾರಿಸಿದಾಗ ಯೋರ್ಗೆನ್ಸೆನ್ ತಮ್ಮ ಸೋಲನ್ನು ಒಪ್ಪಿಕೊಂಡರು. ಮೂರು ದಶಕಗಳ ದುಡಿಮೆಯನ್ನು ಹೀಗೆ ಬಿಟ್ಟುಕೊಡುವುದು ಸಾಮಾನ್ಯದ ಮಾತಲ್ಲ. ವರ್ನರ್ ಕೂಡ ಆ ಹಿರಿಯರ ಪ್ರಯೋಗಗಳ ಉಪಕಾರವನ್ನು 1913ರಲ್ಲಿ ಬಹಿರಂಗವಾಗಿ ಸ್ಮರಿಸಿದರು. ನೊಬೆಲ್ ಪಾರಿತೋಷಕ ದೊರೆತ ವರ್ಷವೂ ಅದೇ.

ಇನ್ನೊಂದು ಪರೀಕ್ಷೆ ಉಳಿದಿತ್ತು. ಎಡಗೈ ಬಲಗೈಗಳಂತೆ ಒಂದು ಇನ್ನೊಂದರ ಕನ್ನಡಿ ಬಿಂಬವಾದ ಅಣುಗಳು ಧ್ರುವೀಕೃತ ಬೆಳಕನ್ನು ವಿರುದ್ಧ ದಿಕ್ಕುಗಳಿಗೆ ತಿರುಗಿಸುತ್ತವೆ. ವಿಕ್ಟರ್ ಕಿಂಗ್ ಎಂಬ ಅಮೆರಿಕನ್ ಶಿಷ್ಯ ಮತ್ತೆ ಮತ್ತೆ ಹರಳುಗಟ್ಟಿಸಿ, ಮತ್ತೆ ಮತ್ತೆ ಸೋತು, 1911ರಲ್ಲಿ ಕೋಬಾಲ್ಟಿನ ಅಂತಹ ಜೋಡಿಯನ್ನು ಬೇರ್ಪಡಿಸಿದರು. ಸಂಶಯಿಗಳು ಆಗಲೂ ಸುಮ್ಮನಾಗಲಿಲ್ಲ: ಆ ಸಂಯುಕ್ತದಲ್ಲಿ ಎಥಿಲೀನ್ ಡೈಅಮೀನ್ ಇದೆ, ಅದರಲ್ಲಿ ಇಂಗಾಲವಿದೆ, ಬೆಳಕನ್ನು ತಿರುಗಿಸುವ ಗುಣ ಇಂಗಾಲದ್ದೇ ಎಂದರು. 1914ರಲ್ಲಿ ವರ್ನರ್ ಇಂಗಾಲದ ಒಂದು ಪರಮಾಣುವೂ ಇಲ್ಲದ, ನಾಲ್ಕು ಕೋಬಾಲ್ಟ್‌ಗಳುಳ್ಳ ಅಯಾನನ್ನು ಎಡಬಲಗಳಾಗಿ ಬೇರ್ಪಡಿಸಿ ಬೆಳಕನ್ನು ತಿರುಗಿಸಿ ತೋರಿಸಿದರು.

ಪ್ಲಾಟಿನಮ್ಮಿನ ಒಂದು ಹಳೆಯ ಲವಣಕ್ಕೂ ಅವರು 1893ರಲ್ಲೇ ಚೌಕದ ಆಕಾರವನ್ನು ಸೂಚಿಸಿದ್ದರು. 1845ರಲ್ಲಿ ಪೈರೋನೆ ತಯಾರಿಸಿದ್ದ ಆ ಲವಣವೇ 1978ರಲ್ಲಿ ಸಿಸ್‌ಪ್ಲಾಟಿನ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಕ್ಯಾನ್ಸರ್ ಔಷಧವಾಗಿ ಅಂಗೀಕೃತವಾಯಿತು.

ಅಷ್ಟು ದೂರದ ಫಲವನ್ನು ವರ್ನರ್ ಕಾಣಲಿಲ್ಲ. ರಕ್ತನಾಳಗಳು ಗಡುಸಾಗುವ ರೋಗದಿಂದ ಬಳಲಿ, 1919ರಲ್ಲಿ ಪ್ರಾಧ್ಯಾಪಕ ಹುದ್ದೆಗೆ ರಾಜೀನಾಮೆಯಿತ್ತು, ಅದೇ ವರ್ಷದ ನವೆಂಬರ್ 15ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ ಐವತ್ತೆರಡು ವರ್ಷ.