ಐವರು ಬರೆಯುವ ಒಂದು ಪ್ರಬಂಧ

1974ರಲ್ಲಿ ಸ್ಥಾಪಿತವಾಗಿ, ಸರೋಜಿನಿ ನಾಯಿಡು ಅವರ ನಿವಾಸವಾಗಿದ್ದ ಗೋಲ್ಡನ್ ಥ್ರೆಶೋಲ್ಡಿನಲ್ಲಿ ಕಣ್ದೆರೆದ ಹೈದರಾಬಾದ್ ವಿಶ್ವವಿದ್ಯಾಲಯವು ಅನಂತರ ಗಚ್ಚಿಬೌಲಿಯ ಹೆಬ್ಬಂಡೆಗಳ ನಡುವೆ ಬಂದು ನೆಲೆಸಿತು; 1998ರಲ್ಲಿ ಹುಟ್ಟಿದ ಐಐಐಟಿಯೂ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯವೂ ಅದರ ನೆರೆಯಲ್ಲಿಯೇ ಇವೆ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದ ಬೀದರ, ಕಲಬುರಗಿ, ರಾಯಚೂರು ಸೀಮೆಗಳ ಮಕ್ಕಳಿಗೆ ಇಲ್ಲಿ ಓದಲು ಬರುವುದು ಪರದೇಶಕ್ಕೆ ಹೋದಂತಲ್ಲ. ಆದರೆ ಅಧ್ಯಾಪಕರು ಐವರನ್ನು ಕೂಡಿಸಿ ಒಂದು ಪ್ರಬಂಧವನ್ನು ಒಪ್ಪಿಸಿದಾಗ, ಒಬ್ಬನು ಹಾಸ್ಟೆಲಿನಲ್ಲಿ, ಒಬ್ಬಳು ಮೆಹದಿಪಟ್ನದ ಬಾಡಿಗೆಯ ಕೋಣೆಯಲ್ಲಿ, ಮತ್ತೊಬ್ಬಳು ಶನಿವಾರ ಬೀದರದ ಬಸ್ಸಿನಲ್ಲಿ ಇರುವ ಕಾರಣ, ಬರೆದುದೆಲ್ಲವೂ ವಾಟ್ಸ್ಆ್ಯಪಿನಲ್ಲಿ ‘ಫೈನಲ್’, ‘ಫೈನಲ್ 2’ ಎಂಬ ಹೆಸರುಗಳಿಂದ ಚದರಿಹೋಗುತ್ತದೆ. ಯಾವುದು ನಿಜವಾದ ಪ್ರತಿ ಎಂಬುದೇ ಸಲ್ಲಿಸುವ ರಾತ್ರಿಯ ಚರ್ಚೆಯಾಗುತ್ತದೆ.

ಆದುದರಿಂದ ಮೊದಲ ಹೆಜ್ಜೆಯೆಂದರೆ, ಒಂದಕ್ಷರವನ್ನೂ ಬರೆಯುವ ಮುನ್ನ ಎಲ್ಲರೂ ಹಂಚಿಕೊಳ್ಳುವ ಒಂದೇ ಕಡತವನ್ನು ಗೂಗಲ್ ಡಾಕ್ಸಿನಂತಹ ಸ್ಥಳದಲ್ಲಿ ತೆರೆಯುವುದು. ತೆರೆದವರೇ ಅದರ ಒಡೆಯರಾಗುವರು. ಅವರು ಅಳಿಸಿದರೆ ಅದು 30 ದಿನ ಕಸದ ಬುಟ್ಟಿಯಲ್ಲಿದ್ದು, ಅನಂತರ ಎಲ್ಲರ ಪಾಲಿಗೂ ಇಲ್ಲವಾಗುವುದು. ‘ಶೇರ್’ ಗುಂಡಿಯನ್ನೊತ್ತಿ ಪ್ರತಿಯೊಬ್ಬರ ಇಮೇಲ್ ವಿಳಾಸವನ್ನೂ ನಮೂದಿಸಿ, ಬರೆಯುವವರಿಗೆ ‘ಎಡಿಟರ್’ ಅಧಿಕಾರವನ್ನೂ, ಸಲಹೆಯಷ್ಟನ್ನೇ ಕೊಡತಕ್ಕವರಿಗೆ ‘ಕಾಮೆಂಟರ್’ ಅಧಿಕಾರವನ್ನೂ ಕೊಡಿರಿ. ಕೊಂಡಿ ದೊರೆತ ಯಾರೇ ಆಗಲಿ ತಿದ್ದಬಹುದೆಂಬ ವ್ಯವಸ್ಥೆಯನ್ನು ಇಡಲೇಕೂಡದು.

ಎರಡನೆಯದಾಗಿ, ಶೀರ್ಷಿಕೆಗಳ ಅಸ್ಥಿಪಂಜರವನ್ನು ಮೊದಲು ನಿಲ್ಲಿಸಿ, ಪ್ರತಿಯೊಂದರ ಕೆಳಗೂ ಬರೆಯುವವರ ಹೆಸರನ್ನೂ ಮುಗಿಸುವ ದಿನಾಂಕವನ್ನೂ ಗುರುತಿಸಿರಿ. ಮೂವರಿಗಿಂತ ಕಡಮೆಯಿಲ್ಲದ ಗೂಗಲ್ ಮೀಟ್ ಸಭೆ ಉಚಿತ ಖಾತೆಯಲ್ಲಿ 60 ನಿಮಿಷಗಳಿಗೆ ಮುಗಿಯುವುದರಿಂದ, ಈ ಹಂಚಿಕೆಯನ್ನು ಅಷ್ಟರೊಳಗೆ ತೀರಿಸಿಬಿಡುವುದು ಲೇಸು.

ಇಲ್ಲಿ ಕನ್ನಡದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದುಂಟು. ಯಾದಗಿರಿಯ ರೈತರೊಡನೆಯೋ ಬೀದರದ ಕುಶಲಕರ್ಮಿಗಳೊಡನೆಯೋ ನಡೆಸಿದ ಸಂದರ್ಶನವನ್ನು ಊರಿನ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿಸಿ ತಂದು ಹಂಚಿಕೊಂಡ ಕಡತಕ್ಕೆ ಅಂಟಿಸಿದರೆ, ಅದು ಇತರರ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೋರುವುದು. ಏಕೆಂದರೆ ಅಲ್ಲಿ ರೋಮನ್ ಅಕ್ಷರಗಳಿಗೆ ಕನ್ನಡದ ರೂಪವನ್ನು ಉಡಿಸಿರುವುದೇ ಹೊರತು, ಕನ್ನಡದ ಅಕ್ಷರಕ್ಕೆ ತನ್ನದೇ ಆದ ಸಂಖ್ಯೆಯಿರುವುದಿಲ್ಲ. ಆ ಸಂಖ್ಯೆಯನ್ನು ಕೊಟ್ಟಿರುವುದು ಯೂನಿಕೋಡ್. 1991ರ ಪ್ರಥಮ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರೆತಿತ್ತು. ಪರಿವರ್ತಕದ ಮೂಲಕ ಪಠ್ಯವನ್ನು ಯೂನಿಕೋಡಿಗೆ ಮಾರ್ಪಡಿಸಿಕೊಂಡು, ಅರ್ಕಾವತ್ತು, ಒತ್ತಕ್ಷರಗಳು ನೆಟ್ಟಗಿವೆಯೇ ಎಂದು ಸಾಲುಸಾಲಾಗಿ ಪರಿಶೀಲಿಸಿದ ಮೇಲೆಯೇ ಅಂಟಿಸಿರಿ. ನಮ್ಮನ್ನು ನಂಬಿ ತಮ್ಮ ಬಾಳನ್ನು ಹೇಳಿಕೊಂಡವರ ಮಾತು ವಿರೂಪಗೊಳ್ಳುವುದು ಕೇವಲ ತಾಂತ್ರಿಕ ದೋಷವೆಂದು ನಾನು ಎಣಿಸಲಾರೆ. ಬೆರಳಚ್ಚು ಬಾರದವರು ಕ್ರೋಮ್ ಬ್ರೌಸರಿನಲ್ಲಿ ಡಾಕ್ಸಿನ ‘ವಾಯ್ಸ್ ಟೈಪಿಂಗ್’ ತೆರೆದು, ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಮಾತನಾಡಿಯೇ ಬರೆಯಬಹುದು.

ಮೂರನೆಯ ಹೆಜ್ಜೆ ತಿದ್ದುಪಡಿಯದು. ಇನ್ನೊಬ್ಬರ ವಾಕ್ಯವನ್ನು ಹೇಳದೆ ಕೇಳದೆ ಅಳಿಸಬಾರದು. ‘ಸಜೆಸ್ಟಿಂಗ್’ ವಿಧಾನದಲ್ಲಿ ತಿದ್ದಿದರೆ ಮೂಲವೂ ಸೂಚನೆಯೂ ಜೊತೆಯಲ್ಲಿ ನಿಂತು, ಒಪ್ಪುವ ಬಿಡುವ ನಿರ್ಧಾರ ಬರೆದವರ ಕೈಯಲ್ಲಿ ಉಳಿಯುವುದು. ‘ಫೈಲ್’ ಪಟ್ಟಿಯ ‘ವರ್ಷನ್ ಹಿಸ್ಟರಿ’ಯಲ್ಲಿ ಯಾರು ಯಾವಾಗ ಏನನ್ನು ಸೇರಿಸಿದರೆಂಬುದು ಬಣ್ಣಬಣ್ಣವಾಗಿ ದಾಖಲಾಗಿರುತ್ತದೆ, ತಪ್ಪಾಗಿ ಅಳಿದ ಪುಟವನ್ನೂ ಅಲ್ಲಿಂದ ಮರಳಿ ಪಡೆಯಬಹುದು. ಸಭೆಯಲ್ಲಿ ಮಾತನಾಡದೆ, ಎಲ್ಲರೂ ಮಲಗಿದ ಮೇಲೆ ಎರಡು ಅಧ್ಯಾಯಗಳನ್ನು ಬರೆದಿಟ್ಟ ಸಂಕೋಚದ ವಿದ್ಯಾರ್ಥಿಗೆ ಇದಕ್ಕಿಂತ ನಿಷ್ಪಕ್ಷಪಾತವಾದ ಸಾಕ್ಷಿ ಮತ್ತೊಂದಿಲ್ಲ. ಆದರೆ ಅಧ್ಯಾಪಕರು ಇದೊಂದನ್ನೇ ನೋಡಿ ಅಂಕ ಕೊಡುವುದು ಅನ್ಯಾಯ. ಬಿಸಿಲಿನಲ್ಲಿ ಹಳ್ಳಿಗಳನ್ನು ಸುತ್ತಿ ಮಾಹಿತಿ ತಂದವಳ ಶ್ರಮವು ಅದನ್ನು ಬೆರಳಚ್ಚು ಮಾಡಿದವನ ಬಣ್ಣದಲ್ಲಿ ಕಾಣುವುದೂ ಉಂಟು. ಆ ಶ್ರಮವನ್ನು ಕಡತದ ಮೊದಲ ಪುಟದಲ್ಲಿ ಮಾತಿನಲ್ಲಿಯೇ ಬರೆದಿಡಬೇಕು.

ಆಕರಗಳಿಗಾಗಿ 2006ರಿಂದ ಉಚಿತವಾಗಿ ದೊರೆಯುತ್ತಿರುವ ಜೊಟೆರೊ ಎಂಬ ತಂತ್ರಾಂಶದಲ್ಲಿ ಒಂದು ಗುಂಪು ಗ್ರಂಥಾಲಯವನ್ನು ತೆರೆಯಿರಿ. ಒಬ್ಬರು ಎಲ್ಲಿಂದಲೋ ನಕಲು ಮಾಡಿದ ಪುಟದ ಹೊಣೆ ಐವರ ಮೇಲೂ ಬೀಳುವುದರಿಂದ, ಯಾವ ಮಾತು ಯಾವ ಗ್ರಂಥದ್ದೆಂಬುದನ್ನು ಬರೆಯುವಾಗಲೇ ಗುರುತಿಸಬೇಕು. ಗಣಿತದ ಸೂತ್ರಗಳು ಹೆಚ್ಚಾಗಿದ್ದರೆ ಓವರ್‌ಲೀಫ್, ಪ್ರೋಗ್ರಾಮ್ ಬರೆಯುವುದಿದ್ದರೆ ಗಿಟ್ ಅನುಕೂಲವಾದವು.

ಸಲ್ಲಿಸುವುದಕ್ಕೆ ಎರಡು ದಿನ ಮೊದಲು ಹೊಸದನ್ನು ಸೇರಿಸುವುದನ್ನು ನಿಲ್ಲಿಸಿ, ಒಬ್ಬರು ಗಟ್ಟಿಯಾಗಿ ಓದಿ, ಉಳಿದ ನಾಲ್ವರು ಆಲಿಸಿರಿ. ಐದು ಶೈಲಿಗಳ ಬೆಸುಗೆ ಬಿಟ್ಟ ಕಡೆಗಳು ಕಣ್ಣಿಗಿಂತ ಕಿವಿಗೆ ಬೇಗ ತಿಳಿಯುವುವು. ಪಿಡಿಎಫ್ ಮಾಡಿದ ಮೇಲೆ ಕನ್ನಡದ ಅಕ್ಷರಗಳನ್ನು ಮತ್ತೊಮ್ಮೆ ನೋಡಿರಿ. ಕಡತವು ಸಂಸ್ಥೆಯ ಖಾತೆಯಲ್ಲಿದ್ದರೆ, ಓದು ಮುಗಿದ ಮೇಲೆ ಆ ಖಾತೆ ಮುಚ್ಚಿಹೋಗಬಹುದು. ಆದುದರಿಂದ ಸಲ್ಲಿಸಿದ ದಿನವೇ ಐವರೂ ಒಂದೊಂದು ಪ್ರತಿಯನ್ನು ಇಳಿಸಿಕೊಂಡು ತಮ್ಮ ಬಳಿ ಇಟ್ಟುಕೊಳ್ಳಿರಿ.