ಎಳ್ಕೊಳ್ಳಿ, ಹಿಡ್ಕೊಳ್ಳಿ

ಚಿ. ಅನಘಾಳಿಗೆ,

ನಿನ್ನನ್ನು ಸಿ.ಟಿ. ರೂಮಿಗೆ ಹಾಕಿದ್ದಾರಂತೆ, ಗುಂಡಿ ಒತ್ತುವ ಕೆಲಸ ಅಂತ ನೀನು ಮುಖ ಊದಿಸಿಕೊಂಡಿದ್ದೀಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಅದಕ್ಕೇ ಈ ಕಾಗದ.

ಹೌನ್ಸ್‌ಫೀಲ್ಡ್ ಬಗ್ಗೆ ಓದಿರುತ್ತೀ. ಸಿ.ಟಿ. ಯಂತ್ರ ಕಟ್ಟಿದವರು, ಗ್ರಾಮಫೋನ್ ರೆಕಾರ್ಡು ಹೊರತರುತ್ತಿದ್ದ ಇ.ಎಂ.ಐ. ಕಂಪನಿಯ ಎಂಜಿನಿಯರು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆ ಸ್ಕ್ಯಾನ್ ಆಯಿತು. 1979ರಲ್ಲಿ ಕಾರ್ಮ್ಯಾಕ್ ಜೊತೆ ನೊಬೆಲ್ ಬಂತು. ಹೌನ್ಸ್‌ಫೀಲ್ಡ್ ಹೆಸರಿನ ಅಳತೆಯಲ್ಲಿ ನೀರು ಸೊನ್ನೆ, ಗಾಳಿ ಮೈನಸ್ 1000. ತುಂಬ ಉಸಿರೆಳೆದ ಆರೋಗ್ಯವಂತ ಶ್ವಾಸಕೋಶ ಮೈನಸ್ 850ರ ಆಸುಪಾಸು. ಬೀಡಿ ಸೇದಿ ಸೇದಿ ಗಾಳಿಚೀಲಗಳ ಗೋಡೆ ಹಾಳಾದ ಕಡೆ ಅದು ಮೈನಸ್ 950ಕ್ಕಿಂತ ಕೆಳಗಿಳಿಯುತ್ತದೆ. ಕಂಪ್ಯೂಟರು ಅಷ್ಟು ಜಾಗಕ್ಕೆ ಬಣ್ಣ ಹಚ್ಚಿ, ಎಂಫಿಸೀಮಾ ಶೇಕಡಾ ಇಷ್ಟು ಎಂದು ಲೆಕ್ಕ ಕೊಡುತ್ತದೆ.

ಆದರೆ ಸ್ಕ್ಯಾನಿಗೆ ಬಂದ ಅಜ್ಜ ಅರ್ಧ ಉಸಿರೆಳೆದು ಮಲಗಿದ್ದರೆ ಆ ಲೆಕ್ಕವೇ ಬೇರೆ. ಶ್ವಾಸಕೋಶ ದಟ್ಟವಾಗಿ ಕಂಡು ರೋಗ ಕಡಿಮೆ ತೋರುತ್ತದೆ. ಮುಂದಿನ ವರ್ಷ ಅದೇ ಅಜ್ಜ ಚೆನ್ನಾಗಿ ಎಳೆದರೋ, ಬೆಳೆಯದ ರೋಗ ಬೆಳೆದಂತೆ ಕಾಣುತ್ತದೆ! ಡಾಕ್ಟರು ನೋಡುವುದು ಅಂಕಿಯನ್ನು. ಉಸಿರನ್ನು ನೋಡಿದವಳು ನೀನೊಬ್ಬಳೇ. ಅನುಮಾನ ಬಂದರೆ ಶ್ವಾಸನಾಳ ನೋಡು: ಎಳೆದಾಗ ದುಂಡಗಿರುತ್ತದೆ, ಬಿಟ್ಟಾಗ ಹಿಂಬದಿ ಒಳಕ್ಕೆ ಬಾಗಿರುತ್ತದೆ.

ಹಾಗಂತ ಸರಿಬರಲಿಲ್ಲವೆಂದು ಮತ್ತೆ ತೆಗೆದರೆ ವಿಕಿರಣ ಇಮ್ಮಡಿ. ಆದ್ದರಿಂದ ಟೇಬಲ್ ಒಳಗೆ ಹೋಗುವ ಮೊದಲೇ ಅಭ್ಯಾಸ ಮಾಡಿಸು. ಯಂತ್ರದ ರೆಕಾರ್ಡು ದನಿಯನ್ನು ನೆಚ್ಚಿಕೊಳ್ಳಬೇಡ. ಕೆಲವರು ಕೆನ್ನೆ ಉಬ್ಬಿಸಿ ಉಸಿರು ಹಿಡಿದೆವು ಅಂದುಕೊಳ್ಳುತ್ತಾರೆ. 'ಅಜ್ಜಾ, ಪೂರ್ತಿ ಎಳ್ಕೊಳ್ಳಿ, ಇನ್ನೂ ಸ್ವಲ್ಪ, ಹಾಂ, ಹಿಡ್ಕೊಳ್ಳಿ' ಅಂತ ಪಕ್ಕ ನಿಂತು ಹೇಳು, ಎದೆ ಏರಿತೇ ನೋಡು.

ಶ್ವಾಸಕೋಶದ ಗಂಟು ಅಳೆಯುವಾಗಲೂ ಇದೇ ಕಥೆ. 8 ಮಿಲಿಮೀಟರ್ ವ್ಯಾಸದ್ದು 10 ಆದರೆ ಘನಗಾತ್ರ ಹೆಚ್ಚುಕಡಿಮೆ ಎರಡರಷ್ಟಾಯಿತು ಎಂದರ್ಥ. ಉಸಿರಾಡಿ ಅಂಚು ಮಸುಕಾದರೆ ಆ ಎರಡು ಮಿಲಿಮೀಟರನ್ನು ಯಾರು ನಂಬಬೇಕು?

2021ರಲ್ಲಿ ಕೋವಿಡ್ ಬಂದಾಗ ಊರೆಲ್ಲ 'ಸಿ.ಟಿ. ಸ್ಕೋರ್ ಎಷ್ಟು ಬಂತು' ಅಂತ ಪರೀಕ್ಷೆಯ ಫಲಿತಾಂಶದಂತೆ ಕೇಳುತ್ತಿದ್ದರಲ್ಲ, ಶ್ವಾಸಕೋಶದ ಐದು ಹಾಲೆಗೆ ಐದೈದು, ಒಟ್ಟು 25. ಅದು ಬಹುಪಾಲು ಕಣ್ಣಂದಾಜು. ಅದಕ್ಕೇ ಜನ ನಿದ್ದೆಗೆಟ್ಟರು, ಪಾಪ.

ವಿಕಿರಣ ಅಳೆಯುವ ಟಿ.ಎಲ್.ಡಿ. ಬ್ಯಾಡ್ಜನ್ನು ಬ್ಯಾಗಿನಲ್ಲಿಡದೆ ಎದೆಗೆ ಹಾಕಿಕೋ. ಯುಗಾದಿಗೆ ರಜೆ ಸಿಕ್ಕರೆ ಮೊದಲೇ ತಿಳಿಸು, ದೊಡ್ಡಮ್ಮ ಹೋಳಿಗೆಗೆ ಬೇಳೆ ತರಿಸಬೇಕಂತೆ.

ಇಂತಿ ನಿನ್ನ
ದೊಡ್ಡಪ್ಪ