ಟ್ಯಾಂಕರ್ ನೀರು ಮತ್ತು ಮನೆಯ ಮೋಟಾರ್

ಪ್ರಶ್ನೆ: ನನಗೆ 26 ವರ್ಷ. ಎಂಟು ತಿಂಗಳಿಂದ ಜಿಮ್ ಕೋಚ್ ಹೇಳಿದಂತೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ. ಎದೆ ಊದಬಾರದೆಂದು ಈಸ್ಟ್ರೋಜನ್ ಇಳಿಸುವ ಮಾತ್ರೆಯನ್ನೂ ಕೊಡುತ್ತಾರೆ. ಕೋರ್ಸ್ ಮುಗಿದ ಮೇಲೆ ‘ಪಿಸಿಟಿ’ (ಪೋಸ್ಟ್ ಸೈಕಲ್ ಥೆರಪಿ) ಮಾಡಿದರೆ ಹಾರ್ಮೋನ್ ಬ್ಯಾಲೆನ್ಸ್ ಆಗುತ್ತದಂತೆ. ಈಗೀಗ ಮಂಡಿನೋವು, ಯಾವುದರಲ್ಲೂ ಆಸಕ್ತಿಯಿಲ್ಲ. ಮುಂದಿನ ವರ್ಷ ಮದುವೆ. ಹೀಗೇ ಮುಂದುವರಿಸಬಹುದೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮದುವೆಯ ಮಾತನ್ನು ಕೊನೆಗೆ ಬರೆದಿದ್ದೀರಿ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಗಂಡಸರಿಗೆ ವಾರಕ್ಕೊಮ್ಮೆ ಟೆಸ್ಟೋಸ್ಟೆರಾನ್ ಚುಚ್ಚಿದರು. ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಅವರು ಹುಡುಕುತ್ತಿದ್ದದ್ದು ಸ್ನಾಯು ಬೆಳೆಸುವ ದಾರಿಯನ್ನಲ್ಲ, ಗಂಡಸರಿಗೊಂದು ಗರ್ಭನಿರೋಧಕವನ್ನು! ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ವೀರ್ಯಾಣು ಸೊನ್ನೆಗೆ ಇಳಿಯಿತು. ಅಂಥ 157 ಮಂದಿ ಒಂದು ವರ್ಷ ಬೇರೆ ಯಾವ ನಿರೋಧಕವನ್ನೂ ನೆಚ್ಚದೆ ಸಂಸಾರ ಮಾಡಿದರು. ಒಬ್ಬರ ಮನೆಯಲ್ಲಿ ಮಾತ್ರ ಗರ್ಭ ನಿಂತಿತು.

ಹೀಗೇಕೆ? ಮನೆಯ ಓವರ್‌ಹೆಡ್ ಟ್ಯಾಂಕನ್ನು ನೆನೆಯಿರಿ. ನೀರು ಇಳಿದರೆ ಆಟೋಮ್ಯಾಟಿಕ್ ಮೋಟಾರ್ ತಾನೇ ಶುರುವಾಗುತ್ತದೆ, ತುಂಬಿದರೆ ನಿಲ್ಲುತ್ತದೆ. ನೀವು ಟ್ಯಾಂಕರ್ ತರಿಸಿ ಮೇಲಿನಿಂದ ಸುರಿಯುತ್ತಲೇ ಇದ್ದರೆ ಮೋಟಾರಿಗೆ ಕೆಲಸವೇ ಇಲ್ಲ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ‘ಸಾಕಷ್ಟಿದೆ’ ಎಂದುಕೊಂಡು ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಆದೇಶಗಳನ್ನು ವೃಷಣಕ್ಕೆ ಕಳಿಸುವುದನ್ನೇ ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ. ವೀರ್ಯಾಣು ಬೆಳೆಯಲು ವೃಷಣದೊಳಗೇ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಟೆಸ್ಟೋಸ್ಟೆರಾನ್ ಬೇಕು, ಅದನ್ನು ವೃಷಣವೇ ತಯಾರಿಸಿಕೊಳ್ಳಬೇಕು. ಹಾಗಾಗಿ ಮೈಯೆಲ್ಲ ಹಾರ್ಮೋನ್ ತುಳುಕುತ್ತಿದ್ದರೂ ಅಲ್ಲಿ ಮಾತ್ರ ಬರಗಾಲ.

ಇನ್ನು ಆ ಮಾತ್ರೆ. ಹೆಚ್ಚಾದ ಟೆಸ್ಟೋಸ್ಟೆರಾನಿನ ಒಂದು ಪಾಲನ್ನು ಅರೋಮಟೇಸ್ ಎಂಬ ಕಿಣ್ವ ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಎದೆ ಊದುವುದು ಅದರಿಂದ. ಕೋಚ್ ಕೊಡುತ್ತಿರುವುದು ಬಹುಶಃ ಈ ಕಿಣ್ವವನ್ನು ತಡೆಯುವ ಔಷಧಿ. ಜಿಮ್‌ಗಳಲ್ಲಿ ಈಸ್ಟ್ರೋಜನ್ ಅಂದರೆ ‘ಹೆಂಗಸರ ಹಾರ್ಮೋನ್’, ಹೊರಗಟ್ಟಬೇಕಾದ್ದು ಎಂಬ ಮಾತಿದೆ. ಅದು ಶುದ್ಧ ತಪ್ಪು. ಈಸ್ಟ್ರೋಜನ್ ಕೆಲಸ ಮಾಡದ ದೇಹವುಳ್ಳ ಗಂಡಸೊಬ್ಬನ ವಿವರ 1994ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 28ನೇ ವಯಸ್ಸಿನಲ್ಲೂ ಅವನು ಎತ್ತರ ಬೆಳೆಯುತ್ತಲೇ ಇದ್ದ, ಮೂಳೆ ಮಾತ್ರ ಟೊಳ್ಳು. 2013ರ ಇನ್ನೊಂದು ಅಧ್ಯಯನ ಗಂಡಸರ ಕಾಮಾಸಕ್ತಿಗೆ ಈಸ್ಟ್ರೋಜನ್ನೂ ಬೇಕೆಂದು, ಅದು ತಗ್ಗಿದರೆ ಕೊಬ್ಬು ಹೆಚ್ಚುತ್ತದೆಂದು ತೋರಿಸಿತು. ಕೊಬ್ಬು ಕರಗಿಸಲು ಹೊರಟವರು ನುಂಗುವ ಮಾತ್ರೆಗೆ ಇದೆಂಥ ವ್ಯಂಗ್ಯ! ನಿಮ್ಮ ಮಂಡಿನೋವಿಗೂ ನಿರಾಸಕ್ತಿಗೂ ಈ ಮಾತ್ರೆಯೇ ಕಾರಣವಿರಬಹುದು.

ಪಿಸಿಟಿ ಮಾತ್ರೆಗಳು ಪಿಟ್ಯುಟರಿಯನ್ನು ತಟ್ಟಿ ಎಬ್ಬಿಸಲು ನೋಡುತ್ತವೆ, ನಿಜ. ಕೆಲವರಿಗೆ ವೈದ್ಯರೂ ಅವನ್ನು ಕೊಡುವುದುಂಟು. ಎದ್ದೇ ಏಳುತ್ತದೆಂಬ ಖಾತರಿ ಮಾತ್ರ ಯಾವ ಕೋಚ್‌ಗೂ ಕೊಡಲಾಗದು. ಗರ್ಭನಿರೋಧದ ಪ್ರಯೋಗಗಳಲ್ಲಿ ವೀರ್ಯಾಣು ಮರಳಲು ಕೆಲವರಿಗೆ ಎರಡು ವರ್ಷದವರೆಗೂ ಹಿಡಿದಿದೆ, ಅದೂ ಜಿಮ್‌ನ ಡೋಸ್‌ಗಿಂತ ಸಾಮಾನ್ಯವಾಗಿ ಕಡಿಮೆ ಪ್ರಮಾಣದಲ್ಲಿ.

ಆದ್ದರಿಂದ ಮುಂದುವರಿಸಬೇಡಿ. ಎಂಡೋಕ್ರೈನಾಲಜಿಸ್ಟ್ ಒಬ್ಬರ ಬಳಿ ಹೋಗಿ, ಸೀಸೆ, ಸ್ಟ್ರಿಪ್ ಎಲ್ಲವನ್ನೂ ಮೇಜಿನ ಮೇಲಿಡಿ. ಅವರು ಪೊಲೀಸರಲ್ಲ, ಮುಚ್ಚಿಡಬೇಡಿ. ಹಾರ್ಮೋನ್‌ಗಳ ಜೊತೆಗೆ ರಕ್ತ ಎಷ್ಟು ಮಂದವಾಗಿದೆ, ಎಚ್‌ಡಿಎಲ್, ಬಿಪಿ, ಲಿವರ್ ಹೇಗಿವೆ ಎಂದೂ ನೋಡಿಸಿ. ರಕ್ತದ ಮಂದತೆ, ಎಚ್‌ಡಿಎಲ್, ಬಿಪಿ ಕೆಟ್ಟರೆ ಹೃದಯಕ್ಕೆ ಕುತ್ತು. ನಿಲ್ಲಿಸಿದ ಮೇಲೆ ಕೆಲವು ವಾರ, ತಿಂಗಳು ಮಂಕು ಕವಿಯಬಹುದು. ಸಾಯುವ ಯೋಚನೆ ಸುಳಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ವೀರ್ಯ ಪರೀಕ್ಷೆಯನ್ನು ಈಗೊಮ್ಮೆ ಮಾಡಿಸಿ, ಮೂರು ತಿಂಗಳ ನಂತರ ಮತ್ತೊಮ್ಮೆ. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಅದಕ್ಕೆ ಮುಂಚೆ ಮತ್ತೆ ನೋಡಿದರೆ ಹೆಚ್ಚೇನೂ ತಿಳಿಯದು.